ಕೂತರೆ ಕಾಣುವ ಕಡಲು

ಕುವೈತಿನಲ್ಲಿದ್ದುಕೊಂಡು ಏಸಿ ಬೇಡ ಎಂದವರನ್ನು ನಾನು ಕಂಡದ್ದು ಒಬ್ಬರನ್ನೇ. ನಮ್ಮ ಗಿರಾಕಿಯ ತಾಯಿ. ತಣ್ಣನೆಯ ಗಾಳಿ ತಾಗಿದರೆ ಸಾಕು, ಅವರ ಮಂಡಿ ಹಿಡಿದುಕೊಳ್ಳುತ್ತಿತ್ತು.

ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳವು. ಕುವೈತ್ ನಗರದ ಮಿರ್ಕಾಬ್ ಬಡಾವಣೆಯ ಒಂದು ಆಫೀಸಿನಲ್ಲಿ ನಾನು ಮನೆಗಳ ನಕ್ಷೆ ಬರೆಯುತ್ತಿದ್ದೆ. ಈ ಗಿರಾಕಿಗೆ ನಗರದ ದಕ್ಷಿಣಕ್ಕೆ ಕಡಲ ದಂಡೆಯಲ್ಲಿ ಹಳೆಯದೊಂದು ಮನೆಯಿತ್ತು. ಕಡಲು ಉಕ್ಕುವ ಭರತದ ದಿನ ಗಾಳಿಯೂ ಜೋರಾದರೆ ನೀರು ನೇರ ಹಜಾರಕ್ಕೇ ಬರುತ್ತಿತ್ತು. ಉಪ್ಪು ಕುಡಿದ ಗೋಡೆಗಳು ಮುಟ್ಟಿದರೆ ಉದುರುತ್ತಿದ್ದವು. ಅದನ್ನು ಕೆಡವಿ ಹೊಸ ಮಾದರಿಯದು ಕಟ್ಟಬೇಕು, ಕಡಲ ಕಡೆಗೆ ಪೂರ್ತಿ ಗಾಜು ಬೇಕು ಎಂದು ಅವನ ಹಟ. ಗಂಡ ಬದುಕಿದ್ದಾಗಿನಿಂದ ರಜೆಗಳನ್ನೆಲ್ಲ ಅಲ್ಲೇ ಕಳೆದಿದ್ದ ತಾಯಿಯದು ಬೇರೆ ಹಟ. ಗಾಜಿನ ಪೆಟ್ಟಿಗೆ ಕಟ್ಟಿ ಏಸಿ ಊದಿಸುವುದಾದರೆ ನಾನು ಆ ಕಡೆ ತಲೆ ಹಾಕುವುದಿಲ್ಲ ಎಂದುಬಿಟ್ಟಿದ್ದರು.

ನೀರಿನ ಚಿಂತೆಯನ್ನು ನಮ್ಮ ಇಂಜಿನಿಯರ್ ಮುಗಿಸಿದರು. ಉಡುಪಿ ಕಡೆಯವರು, ಊಟದ ಡಬ್ಬಿ ಹಂಚಿಕೊಳ್ಳುವಷ್ಟು ಸಲಿಗೆ ನಮಗೆ. ಮನೆಯನ್ನು ಕಂಬಗಳ ಮೇಲೆ ಎತ್ತಿ, ನೀರು ಬಂದರೆ ಅಡಿಯಲ್ಲೇ ಬಂದು ಹೋಗಲಿ ಎಂದು ಬಿಟ್ಟರು. ವಯರಿಂಗ್ ಎಲ್ಲ ಮೇಲೆ. ಮಂಡಿನೋವಿನವರು ಮೆಟ್ಟಿಲು ಹತ್ತುವುದುಂಟೇ? ಅದಕ್ಕೆ ನಿಧಾನವಾಗಿ ಏರುವ ಉದ್ದನೆಯ ಇಳಿಜಾರು ದಾರಿ.

ಬಿಸಿಲು ನನ್ನ ಪಾಲಿಗೆ ಬಂತು. ಊರಲ್ಲಿ ನಮಗೆ ಕಡಲೆಂದರೆ ಪಡುವಣ. ಇಲ್ಲಿ ಸೂರ್ಯ ಕಡಲಿನಿಂದ ಎದ್ದು ಮರಳಿನಲ್ಲಿ ಮುಳುಗುತ್ತಾನೆ. ಹಾಗಾಗಿ ಪಶ್ಚಿಮಕ್ಕೆ ದಪ್ಪ ಗೋಡೆ, ಕಿಂಡಿಯಂಥ ಕಿಟಕಿ, ತಾರಸಿಯ ಮೇಲೆ ನೆರಳಿಗೆ ಇನ್ನೊಂದು ಮಾಡು, ಕಡಲ ಕಡೆ ಆಳವಾದ ಜಗಲಿ. ಆಗಸ್ಟಿನಲ್ಲಿ ಏಸಿ ಇಲ್ಲದೆ ಆಗದು ಎಂದು ನನಗೂ ಗೊತ್ತು. ಆದರೆ ಅದನ್ನು ಸಣ್ಣಗೆ ಇಟ್ಟರೂ ಸಾಕಾಗುವಂತೆ ಮನೆ ಕಟ್ಟಬಹುದಲ್ಲ.

“ಇಲ್ಲಿ ಕರೆಂಟಿಗೆ ಯಾರು ತಲೆ ಕೆಡಿಸಿಕೊಳ್ತಾರೆ ಮಾರಾಯ್ತಿ?” ಎಂದು ಇಂಜಿನಿಯರ್ ನಕ್ಕರು.

“ಕರೆಂಟಿಗಲ್ಲ ಮಾರಾಯ್ರೆ, ಆ ಅಜ್ಜಿಯ ಮಂಡಿಗೆ.”

ಆ ಗಾಜಿನ ಗೋಡೆ ಮಾತ್ರ ನನ್ನ ಲೆಕ್ಕವನ್ನೆಲ್ಲ ಕೆಡಿಸುತ್ತಿತ್ತು. ಬೆಳಗಿನ ಬಿಸಿಲು ಪೂರ್ತಿ ಒಳಗೆ. ಮಗ ಬಿಟ್ಟುಕೊಡಲಿಲ್ಲ. “ನಮ್ಮಮ್ಮನಿಗೆ ಕಡಲು ಕಾಣಬೇಕು,” ಎಂದ. ಅವನ ಪ್ರೀತಿ ಸುಳ್ಳಾಗಿರಲಿಲ್ಲ. ಆದರೆ ಹೀಗೇ ಬಿಟ್ಟರೆ ಮನೆ ಏಳುತ್ತದೆ, ತಾಯಿ ಬರುವುದಿಲ್ಲ.

ಕೊನೆಗೆ ನಾನು ತಾಯಿಯನ್ನು ನೋಡಬೇಕು ಎಂದೆ. ಅಷ್ಟು ದಿನವೂ ಮಾತುಕತೆ ನಡೆದದ್ದು ಗಂಡಸರು ಕೂರುವ ದಿವಾನಿಯಾದಲ್ಲಿ. ಹೆಂಗಸರ ಕಡೆಗೆ ಹೊರಗಿನ ಗಂಡಸರು ಹೋಗುವ ಪದ್ಧತಿಯಿಲ್ಲ. ಹೆಣ್ಣಾದ್ದರಿಂದ ನನ್ನನ್ನು ಒಳಗೆ ಬಿಟ್ಟರು.

ಗೋಡೆಗೆ ಸಾಲಾಗಿ ಸೋಫಾಗಳಿದ್ದವು. ಅವರು ಮಾತ್ರ ನೆಲದಲ್ಲಿ, ದಿಂಬಿಗೆ ಒರಗಿ ಕೂತಿದ್ದರು. “ಇಧರ್ ಬೈಠೋ, ಬೇಟಿ,” ಎಂದು ಪಕ್ಕದ ಜಾಗ ತಟ್ಟಿದರು. ಅವರ ತಂದೆಯ ಹಡಗು ಮರ ತರಲು ನಮ್ಮ ಕರಾವಳಿಗೇ ಬರುತ್ತಿತ್ತಂತೆ. ಹಿಂದಿ ಮನೆಯಲ್ಲೇ ಕಿವಿಗೆ ಬಿದ್ದದ್ದು. ನಾನು ನಕ್ಷೆಯನ್ನು ಜಮಖಾನೆಯ ಮೇಲೆ ಹಾಸಿ, ಗಾಜಿನ ಬದಲು ನಾನು ಬರೆದಿದ್ದ ಕಿಟಕಿಗಳನ್ನು ತೋರಿಸಿದೆ.

“ಇಲ್ಲಿ ಕೂತರೆ ನನಗೇನು ಕಾಣುತ್ತದೆ?” ಎಂದು ಕೇಳಿದರು.

ನಾನು ಅವರ ಪಕ್ಕದಲ್ಲೇ ನೆಲದಲ್ಲಿ ಕೂತಿದ್ದೆ. ಆ ಕೋಣೆಯ ಕಿಟಕಿಯನ್ನು ನೋಡಿದೆ. ಬರೀ ಆಕಾಶ. ನನ್ನ ನಕ್ಷೆಯ ಕಿಟಕಿಗಳೂ ಅಷ್ಟೇ ಎತ್ತರದವು, ಕುರ್ಚಿಯಲ್ಲಿ ಕೂರುವವರ ಎತ್ತರಕ್ಕೆ. ಊರಲ್ಲಿ ನಮ್ಮಜ್ಜಿ ಮಣೆ ಬಿಟ್ಟು ಕುರ್ಚಿ ಮುಟ್ಟಿದವರಲ್ಲ. ಆದರೂ ನನಗೆ ಹೊಳೆದಿರಲಿಲ್ಲ. ಇಷ್ಟು ಜನ ಸೇರಿ ಇಷ್ಟು ದಿನ ಕಡಲು, ಕಡಲು ಎಂದೆವಲ್ಲ, ಇವರು ಎಲ್ಲಿ ಕೂರುತ್ತಾರೆಂದು ಒಬ್ಬರಾದರೂ ಕೇಳಿದೆವೇ ಎಂದು ಸಿಟ್ಟು ಬಂತು.

ಮಾರನೆಯ ದಿನವೇ ಹೊಸದಾಗಿ ಬರೆದೆ. ನೆಲದಿಂದ ಒಂದು ಗೇಣು ಬಿಟ್ಟು, ಕೂತವರ ತಲೆಯ ಎತ್ತರಕ್ಕೆ ಮುಗಿಯುವ ಉದ್ದನೆಯ ಕಿಟಕಿ. ಅದರ ಮೇಲೆ ದಪ್ಪ ಗೋಡೆ. ಗಾಜು ಸ್ವಲ್ಪ, ಅದಕ್ಕೂ ಜಗಲಿಯ ನೆರಳು.

ಮಗ ನಕ್ಷೆಯನ್ನು ಬಹಳ ಹೊತ್ತು ನೋಡಿದ. “ನಾನು ನಿಂತರೆ ನನಗೇನು ಕಾಣುತ್ತದೆ?”

“ಗೋಡೆ,” ಎಂದೆ.

ಇಂಜಿನಿಯರ್ ಮೇಜಿನಡಿ ನನ್ನ ಕಾಲು ತುಳಿದರು. ಮಗ ನಕ್ಷೆಯನ್ನು ಮತ್ತೊಮ್ಮೆ ತನ್ನ ಕಡೆ ತಿರುಗಿಸಿಕೊಂಡ. ಆಮೇಲೆ, “ಅಮ್ಮ ಬರುತ್ತಾರೆ ತಾನೆ? ಯಲ್ಲಾ, ಆಗಲಿ, ಕಟ್ಟಿ,” ಎಂದ.

ಮನೆ ಎದ್ದ ಮೇಲಿನ ಚಳಿಗಾಲದಲ್ಲಿ ನಮ್ಮನ್ನು ಊಟಕ್ಕೆ ಕರೆದರು. ಹಿಂದಿನ ದಿನ ಮಳೆ, ಭರತ ಎರಡೂ ಸೇರಿ ಬಂದಿದ್ದವು. ಕಂಬಗಳಿಗೆ ಕಡಲ ಪಾಚಿ ಸುತ್ತಿಕೊಂಡಿತ್ತು, ಮೇಲೆ ನೆಲ ಒಣಗಿಯೇ ಇತ್ತು. ಇಂಜಿನಿಯರ್ ತಮ್ಮ ಕಂಬಗಳನ್ನು ಮೆಚ್ಚಿಕೊಳ್ಳುತ್ತ ಕೆಳಗೇ ಉಳಿದರು.

ಮೇಲೆ ತಾಯಿ ಆ ಕಿಟಕಿಯ ಬಳಿ ಚಹಾ ಇಟ್ಟುಕೊಂಡು ಕೂತಿದ್ದರು. ಮಗ ಮೊಬೈಲು ಕಿವಿಗಿಟ್ಟುಕೊಂಡು ಕೋಣೆ ತುಂಬ ಓಡಾಡುತ್ತಿದ್ದ. ಅಲೆ ಎಲ್ಲಿಯವರೆಗೆ ಬಂದಿದೆ ಎಂದು ನೋಡಲು ಒಮ್ಮೆ ಬಗ್ಗಿದ, ಎದ್ದ, ಮತ್ತೆ ಬಗ್ಗಿದ. ಕೊನೆಗೆ ತಾಯಿ ಅವನ ಉದ್ದಂಗಿಯ ಅಂಚು ಹಿಡಿದು ಎಳೆದರು. ಅವನು ಫೋನು ಆರಿಸಿ ಅವರ ಪಕ್ಕ ಕೂತ. ಅವರು ಅವನಿಗೊಂದು ಲೋಟ ಚಹಾ ಬಗ್ಗಿಸಿದರು.

ನನ್ನ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದರು: “ಇವನ ಅಪ್ಪ ಹೋದ ಮೇಲೆ ಇವನು ನನ್ನ ಹತ್ತಿರ ಕೂತದ್ದು ಇವತ್ತೇ.”