ಮಣ್ಣುಮುಕ್ಕ ನೆಕ್ಕಿದ ಕೈ

ಗೋವಿನಜೋಳದ ಸಾಲಿನಲ್ಲಿ ಮಣ್ಣುಮುಕ್ಕ ಹಾವು ಕಂಡರೆ ಚಿಗಳ್ಳಿಯ ಹೆಂಗಸರು ಕಳೆ ಕೀಳುವುದನ್ನು ಬಿಟ್ಟು ಬದುವಿಗೆ ಓಡುತ್ತಿದ್ದರು. ನೀಲವ್ವತ್ತೆ ಮಾತ್ರ ಅದನ್ನು ಬರಿಗೈಯಲ್ಲಿ ಎತ್ತಿ ಬೇಲಿಯ ಬುಡಕ್ಕೆ ಬಿಟ್ಟು ಬರುತ್ತಿದ್ದಳು. ಆ ಕೈಗಳ ತುಂಬ ಬಿಳಿ ಮಚ್ಚೆ. ಬಾಲವೂ ತಲೆಯ ಹಾಗೆ ಮೊಂಡಾದ ಆ ಬಡಪಾಯಿಯನ್ನು ಎರಡು ತಲೆ ಹಾವು ಎಂದೂ ಕರೆಯುತ್ತಾರೆ. ಅದು ನೆಕ್ಕಿದರೆ ತೊನ್ನು ಬರುತ್ತದೆಂದು ಊರಿನ ನಂಬಿಕೆ.

"ಅದು ಮಣ್ಣು ಮುಕ್ಕೂದಿಲ್ಲ, ಇಲಿ ತಿಂತೈತಿ. ತಲೀನೂ ಒಂದ ಐತಿ. ನೆಕ್ಕಾಕ ಅದಕ್ಕೇನ ಬ್ಯಾರೆ ಕೆಲಸ ಇಲ್ಲೇನ?" ಎನ್ನುತ್ತಿದ್ದಳು.

ಅವಳು ನನ್ನಪ್ಪನ ಅಕ್ಕ. ಮದುವೆ ಗೊತ್ತಾದ ಮೇಲೆ ಮಚ್ಚೆ ಕಾಣಿಸಿಕೊಂಡು ಸಂಬಂಧ ಮುರಿಯಿತು. ಮತ್ತೆ ಯಾರೂ ಕೇಳಿ ಬರಲಿಲ್ಲ. ತಾಯಿಯಿಲ್ಲದ ನನ್ನನ್ನು ಬೆಳೆಸಿದವಳು ಅವಳೇ. "ನಿನ್ನ ರೊಟ್ಟಿ ತಿನ್ನಾಕ ಯಾರದರ ಹಲ್ಲು ಕಡಾ ತರಬೇಕು ನೋಡ" ಎಂದು ಕಾಡಿಸುತ್ತಲೇ ಎಲ್ಲವನ್ನೂ ತಿನ್ನುತ್ತಿದ್ದಳು.

ನನ್ನನ್ನು ನೋಡಲು ಹಳಿಯಾಳದಿಂದ ಗಂಡಿನವರು ಬಂದರು. ಹುಡುಗನ ತಾಯಿಯ ಕಣ್ಣು ಚಹಾ ಕೊಡುತ್ತಿದ್ದ ಅತ್ತೆಯ ಕೈ ಮೇಲೆ ನಿಂತಿತು.

"ಇದು ನಿಮ್ಮ ಮನಿತನದಾಗ ಐತೇನ್ರಿ?"

ಅಪ್ಪ ತಲೆ ತಗ್ಗಿಸಿದ. ಅತ್ತೆ ನಕ್ಕಳು. "ಇಲ್ರಿ ಯಕ್ಕಾ. ಹೊಲದಾಗ ಕಸಾ ತಗಿಯೂ ಮುಂದ ಮಣ್ಣುಮುಕ್ಕ ನೆಕ್ಕಿತ್ರಿ. ನನ್ನ ಹಣೇಬರ."

ಅವರಿಗೆ ಸಮಾಧಾನವಾಯಿತು. ನನ್ನ ಮದುವೆಯಾಯಿತು. ಯಾಕೆ ಹಾಗೆ ಹೇಳಿದೆ ಎಂದು ಕೇಳಿದರೆ, "ನಂದು ಮುಗದೈತಿ. ನಿಂದು ಮುರೀಬಾರದು" ಎಂದಳು. ಹಾವು ನೆಕ್ಕಿದ್ದನ್ನು ಅತ್ತೆಯೇ ಒಪ್ಪಿದಳೆಂಬ ಧೈರ್ಯಕ್ಕೆ ಊರ ಹುಡುಗರು ಒಂದು ಮಣ್ಣುಮುಕ್ಕನನ್ನು ಕಲ್ಲಿನಿಂದ ಜಜ್ಜಿ ಕೊಂದರು. ಅಂದು ಅವಳು ಊಟ ಮಾಡಲಿಲ್ಲ.

ಹೋದ ಮಳೆಗಾಲದಲ್ಲಿ ಅವಳನ್ನು ಹುಬ್ಬಳ್ಳಿಯ ಆಸ್ಪತ್ರೆಯಿಂದ ಮನೆಗೆ ಕರೆತಂದರು. ಇನ್ನು ಮಾಡುವುದೇನೂ ಇಲ್ಲ ಎಂದಿದ್ದರು ಡಾಕ್ಟರು. ಸುದ್ದಿ ತಿಳಿದು ನಾನು ತವರಿಗೆ ಬಂದೆ. ಗಂಜಿ ಕುಡಿಸುವಾಗ ನನ್ನ ಬಳೆ ಸರಿಯಿತು. ನಾನು ಎಲ್ಲರಿಂದಲೂ ಮುಚ್ಚಿಟ್ಟಿದ್ದ ಬಿಳಿ ಮಚ್ಚೆ ಅವಳ ಕಣ್ಣಿಗೆ ಬಿತ್ತು. ಅಳಿಸಿಹೋಗುತ್ತದೇನೋ ಎಂಬಂತೆ ಹೆಬ್ಬೆರಳಿನಿಂದ ಉಜ್ಜಿದಳು. ಅವಳು ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ.

"ಯಾರರ ಕೇಳಿದ್ರ ತವರ ಹೊಲದಾಗ ಹಾವು ನೆಕ್ಕಿತು ಅನ್ನು. ಹೂಂ ಅನ್ನ, ಮಗಳ."

ಹೂಂ ಎಂದೆ. ಆ ವಾರವೇ ಹೋಗಿಬಿಟ್ಟಳು. ಅವಳಿಲ್ಲದ ಮನೆಯಲ್ಲಿ ಕೂರಲಾಗದೆ, ಮಣ್ಣು ಕೊಟ್ಟ ಮರುದಿನವೇ ಹಳಿಯಾಳದ ಬಸ್ಸು ಹತ್ತಿದೆ.

ಬಾಗಿಲಲ್ಲಿ ನೀರು ಕೊಡುತ್ತ ನನ್ನ ಗಂಡನ ತಾಯಿ ಬಳೆ ಸರಿದಿದ್ದ ನನ್ನ ಮುಂಗೈ ನೋಡಿ, ಹಿಡಿದುಕೊಂಡು ಕೇಳಿದರು. "ಇದೇನವಾ? ಹಾವು ನೆಕ್ಕಿತೇನು?"

"ಇಲ್ರಿ. ನಮ್ಮ ನೀಲವ್ವತ್ತಿಗೆ ಇತ್ತಲ್ರಿ, ಅದ" ಎಂದೆ.