ಹದ್ದವಾಢದ ಮೂಲೆ ಪ್ಲಾಟು

ಉಮರ್ಗಾದ ಊರಮೇರೆ ನಮ್ಮ ಹಳೆಯ ಹೊಲದವರೆಗೆ ಬಂದಾಗ ಅಲ್ಲಿಯವರು ಅದಕ್ಕೆ ‘ಹದ್ದವಾಢ’ ಅಂದರು. ಹದ್ದ ಅಂದರೆ ಮೇರೆ, ಅರಬ್ಬಿ ಮಾತು. ನಿಜಾಮರ ಕಚೇರಿಗಳಿಂದ ಹೊಲಕ್ಕೆ ಇಳಿದದ್ದು. ವಾಢ ಅಂದರೆ ಮರಾಠಿಯಲ್ಲಿ ಬೆಳವಣಿಗೆ. ವಿಶ್ವವಿದ್ಯಾಲಯದಲ್ಲಿ ಪದಗಳ ಹುಟ್ಟು ಓದಿದವನು ನಾನು.

ಆ ಹೊಲ ಅಪ್ಪನದು. ಅಪ್ಪ ತೀರಿದ ಮೇಲೆ ನನಗೆ ಅಣ್ಣನಾಗಬೇಕಾದ ದೊಡ್ಡಪ್ಪನ ಮಗ, ನಿಲಂಗಾದಲ್ಲಿ ಧಾನ್ಯದ ಅಡತಿ ಅಂಗಡಿ ಇಟ್ಟವನು, ತನ್ನ ಹೆಸರಿಗೆ ಮಾಡಿಕೊಂಡ. ಅವ್ವ ಕೇಳಲು ಹೋದಾಗ ಗಿರಾಕಿಗಳ ಎದುರು ‘ಗಾವಠಿ’ ಎಂದು ಹಂಗಿಸಿದ. ಹಳ್ಳಿಗುಗ್ಗು ಎಂದು. ಆ ಮಾತಿನ ಮೂಲದಲ್ಲಿ ಇರುವುದು ಬರೀ ಊರು ಎಂದು ಆಮೇಲೆ ಓದಿ ತಿಳಿದೆ. ತಿಳಿದರೂ ಸಿಟ್ಟು ಇಳಿಯಲಿಲ್ಲ.

ಹೋದ ವರ್ಷ ಅವನು ಹೊಲಕ್ಕೆ ಕಲ್ಲು ನೆಟ್ಟು, ಪ್ಲಾಟು ಮಾಡಿ, ‘ನಗರ’ ಎಂದು ಬೋರ್ಡು ಹಾಕಿದ. ಉದಗೀರದಲ್ಲಿದ್ದ ನನಗೆ ಅವನ ಫೋನು ಬಂತು.

“ನೀ ಸಾಲಿ ಕಲಿತಾಂವ ಇದ್ದಿ. ನಗರ ಅಂದ್ರ ಏನು, ಚಂದಗ ಎರಡು ಮಾತು ಹೇಳು ಬಾ. ಪ್ಲಾಟ್ ಕೊಳ್ಳೋ ಪಾರ್ಟಿ ಖುಷ್ ಆಗಬೇಕು.”

ಹೋದೆ. ಕೊಳ್ಳಲು ಬಂದವರಿಗೆ ನಗರದ, ಹದ್ದವಾಢದ ಅರ್ಥ ಹೇಳಿ, ರಸ್ತೆಗೆ ಹತ್ತಿದ ಮೂಲೆ ಪ್ಲಾಟಿನ ಕಡೆ, ಎಲ್ಲಕ್ಕಿಂತ ತುಟ್ಟಿಯದರ ಕಡೆ, ಕೈ ಮಾಡಿದೆ. “ಅಲ್ಲಿ ನಮ್ಮಪ್ಪನ ಸಮಾಧಿ ಅದ.”

ನಮ್ಮಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಕೂರಿಸಿ ಮಣ್ಣು ಮಾಡುತ್ತಾರೆ. ಕಲ್ಲು ಇಡದಿದ್ದರೆ ನೇಗಿಲು ಗುರುತು ಅಳಿಸುತ್ತದೆ.

ಅಣ್ಣ ಎದ್ದು ನಿಂತ. “ಏ, ಸುಳ್ಳ! ಕಾಕಾನ ಮಣ್ಣು ಆಗಿದ್ದು ನಾಲಾದ ಆಚಿಕಡಿ ಹೊಲದಾಗ. ನೀ ಆಗ ಇಷ್ಟಽ ಇದ್ದಿ, ನಿನಗೇನ್ ನೆನಪು?”

ಅದೇ ನನ್ನ ಸಂಕಟ. ಅಪ್ಪನನ್ನು ಮಣ್ಣು ಮಾಡಿದ ದಿನ ಕರಿಮಣ್ಣು ಕಾಲಿಗೆ ಮೆತ್ತಿದ್ದು ನೆನಪಿದೆ, ತೊಗರಿ ಕೊಯ್ದ ಬೋಳು ಹೊಲವೂ ನೆನಪಿದೆ. ತೊಗರಿ ಕೊಯ್ಯುವ ಹೊತ್ತಿಗೆ ನೆಲ ಒಣಗಿ ಬಿರಿದಿರುತ್ತದೆ, ಮೆತ್ತುವುದಿಲ್ಲ. ಎರಡರಲ್ಲಿ ಒಂದು ಸುಳ್ಳು, ಎರಡೂ ಸುಳ್ಳಿರಬಹುದು. ಅವ್ವ ಆ ಹೊಲದ ಸುದ್ದಿ ತೆಗೆದವಳಲ್ಲ, ನಾನೂ ಕೇಳಿರಲಿಲ್ಲ. ಆದರೂ ಮಾತು ಹಿಂದೆ ತೆಗೆದುಕೊಳ್ಳದೆ, ಜನ ಎದ್ದು ಹೋಗಲಿ ಎಂದು ಕಾದೆ.

ಯಾರೂ ಹೋಗಲಿಲ್ಲ. ಲೋಹಾರಾದಿಂದ ಬಂದಿದ್ದ, ಹಣೆ ತುಂಬ ವಿಭೂತಿ ಧರಿಸಿದ ಒಬ್ಬಾಕೆ ಆ ಮೂಲೆಗೆ ಕೈಮುಗಿದಳು.

“ಹಿರೇರ ಸಮಾಧಿ ಇದ್ರ ಛಲೋನೇ ಆತಲ್ರೀ ಸಾವಕಾರ್ರ. ಕಟ್ಟಿ ಕಟ್ಟಸ್ರಿ, ದಿನಾ ದೀಪ ಹಚ್ಚತೀವಿ. ಅದರ ಮ್ಯಾಲ ಮನಿ ಏಳಸ್ತೀರಿ ಅಂದ್ರ ಮಾತ್ರ ನಮಗ ಪ್ಲಾಟ್ ಬ್ಯಾಡ.”

“ನಮಗೂ ಬ್ಯಾಡ್ರಿ,” ಹಿಂದಿನಿಂದ ದನಿಗಳು ಬಂದವು.

ಅಣ್ಣ ನನ್ನನ್ನು ನುಂಗುವ ಹಾಗೆ ನೋಡಿದ.

ಆ ಮೂಲೆಯನ್ನು ಅವನು ಮಾರಲಾಗಲಿಲ್ಲ. ಅವನೇ ಕಟ್ಟೆ ಕಟ್ಟಿಸಿ ಅಪ್ಪನ ಹೆಸರು ಕೆತ್ತಿಸಿದ. ‘ನಗರ’ ಬೋರ್ಡಿನ ಮೇಲಷ್ಟೇ ಉಳಿದಿದೆ. ಆಟೋದವರ ಬಾಯಲ್ಲಿ ಅದು ‘ಸಮಾಧಿ ಕಾಲನಿ’. ಬೇರೆ ಊರಿನ ಹೆಸರಾಗಿದ್ದರೆ ಅದು ಹೇಗೆ ಬಂತೆಂದು ಪುರಾವೆ ಕೇಳುತ್ತಿದ್ದೆ.

ಕೊನೆಗೆ ಅವ್ವನನ್ನು ಕರೆದೊಯ್ದೆ. ಅವಳು ಕಟ್ಟೆಯನ್ನು ನೋಡಿದಳು. ತಿರುಗಿ ನಾಲಾದ ಆಚೆಗೆ ಬಹಳ ಹೊತ್ತು ನೋಡಿದಳು.

“ಇರ್ಲಿ ಬಿಡೋ,” ಎಂದಳು, ಸೆರಗಿನಿಂದ ಕಲ್ಲಿನ ಧೂಳು ಒರೆಸುತ್ತ. “ಇಲ್ಲೇ ಇರ್ಲಿ. ಬಂದಾಗೊಮ್ಮೆ ಕೈಮುಗೀಲಿ ಆ ಸಾವಕಾರ.”