ಮಾತು ಬಿಟ್ಟ ಎಕ್ಸ್‌ಕವೇಟರ್

ಮಣ್ಣು ಅಗೆಯುವ ಯಂತ್ರಗಳ ಸರ್ವಿಸ್ ಇಂಜಿನಿಯರ್ ಆಗಿ ಮಹಾಪೆಯ ಆಫೀಸಿನಲ್ಲಿ ಕಳೆದ ವರ್ಷಗಳಲ್ಲಿ ನಾನು ಕೆಟ್ಟ ಯಂತ್ರಗಳಿಗಿಂತ ಕೆಟ್ಟ ತಲೆಗಳನ್ನೇ ಹೆಚ್ಚು ನೋಡಿದ್ದೇನೆ. ಯಂತ್ರವಾದರೂ ತನಗೇನಾಗಿದೆ ಎಂದು ಪರದೆಯ ಮೇಲೆ ತೋರಿಸಲು ಒದ್ದಾಡುತ್ತದೆ. ನಮ್ಮ ಮ್ಯಾನೇಜರರಿಗೆ ಅಂಥ ಪರದೆಯೂ ಇರಲಿಲ್ಲ.

ಮೈಸೂರಿನವರು. ಮಾತು ಬೆಣ್ಣೆ, ಕೆಲಸ ಸೊನ್ನೆ. ಪರದೆಯ ಮೇಲೆ 'ಕಮ್ಯುನಿಕೇಶನ್ ಎರರ್' ಎಂದು ಬಂದರೆ ಅವರ ಬಳಿ ಇದ್ದದ್ದು ಒಂದೇ ಔಷಧ: ಕಂಟ್ರೋಲರ್ ಬದಲಿಸುವುದು. ಅದರಿಂದಲೂ ಹೋಗದಿದ್ದರೆ ಇನ್ನೊಂದು ಕಂಟ್ರೋಲರ್.

"ನೋಡಪ್ಪಾ, ಕಸ್ಟಮರ್ ಕಣ್ಣಿಗೆ ಹೊಸ ಡಬ್ಬ ಕಾಣಿಸ್ಬೇಕು. ನೀನು ಮೀಟರ್ ಹಿಡ್ಕೊಂಡು ತಂತಿ ತಡವ್ತಾ ಕೂತ್ರೆ ನಮಗೇನೂ ಬರಲ್ಲ ಅಂದ್ಕೋತಾರೆ," ಎನ್ನುತ್ತಿದ್ದರು.

ಅವರಿಗೆ ನಿಜವಾಗಿಯೂ ಏನೂ ಬರುತ್ತಿರಲಿಲ್ಲ. ಇಂಜಿನ್ನಿಗೆ, ಪಂಪಿಗೆ, ಪರದೆಗೆ ಒಂದೊಂದು ಕಂಟ್ರೋಲರ್, ಅಂದರೆ ಪುಟ್ಟ ಕಂಪ್ಯೂಟರ್, ಇರುತ್ತದೆ. ಅವೆಲ್ಲ ಮಾತಾಡಿಕೊಳ್ಳುವುದು ಒಂದಕ್ಕೊಂದು ಹೆಣೆದ ಎರಡು ಸಣಕಲು ತಂತಿಗಳ ಮೂಲಕ. ಮಾತು ನಿಂತರೆ ಇಂಜಿನ್ನೂ ನಿಲ್ಲುತ್ತದೆ. ಬ್ಯಾಟರಿ ಬಿಡಿಸಿ ಆ ಎರಡು ತಂತಿಗಳ ನಡುವೆ ಮೀಟರ್ ಇಟ್ಟರೆ ಅರವತ್ತು ಓಮ್ ತೋರಿಸಬೇಕು. ನೂರಿಪ್ಪತ್ತು ತೋರಿಸಿದರೆ ತಂತಿ ಎಲ್ಲೋ ಬಿಟ್ಟಿದೆ ಎಂದರ್ಥ. ಇಷ್ಟು ತಿಳಿಯಲು ಮಹಾ ಬುದ್ಧಿ ಬೇಡ, ಬಗ್ಗುವ ಸೊಂಟ ಇದ್ದರೆ ಸಾಕು. ಮ್ಯಾನೇಜರರಿಗೆ ಇಸ್ತ್ರಿ ಮುರಿಯುವ ಭಯ.

ಒಂದು ಬೇಸಿಗೆಯಲ್ಲಿ ಕಲ್ಯಾಣ್–ಶಿಳ್ ರಸ್ತೆಯ ಪಕ್ಕ, ಫ್ಲ್ಯಾಟುಗಳ ಟವರಿಗಾಗಿ ಗುಡ್ಡ ಕಡಿಯುತ್ತಿದ್ದ ಸೈಟಿನಿಂದ ಮೂರನೆಯ ಸಲ ಕರೆ ಬಂತು. ಆಗಲೇ ಮ್ಯಾನೇಜರರ ಅಪ್ಪಣೆಯಂತೆ ಎರಡು ಕಂಟ್ರೋಲರ್ ಬದಲಾಗಿದ್ದವು, ಎಕ್ಸ್‌ಕವೇಟರ್ ಮಾತ್ರ ನಡುನಡುವೆ ಉಸಿರು ಕಟ್ಟಿದ ಹಾಗೆ ನಿಲ್ಲುತ್ತಲೇ ಇತ್ತು. ಡೊಂಬಿವಲಿಯ ಮನೆಯಿಂದ ನೇರ ಬೈಕಿನಲ್ಲಿ ಹೋದೆ.

ಯಂತ್ರದ ಯಜಮಾನರು ಉಡುಪಿ ಕಡೆಯವರು, ಠಾಣೆಯ ಹೋಟೆಲನ್ನು ತಮ್ಮನಿಗೆ ಬಿಟ್ಟುಕೊಟ್ಟು ಮಣ್ಣಿನ ವ್ಯವಹಾರಕ್ಕೆ ಇಳಿದವರು. ನಾನೂ ಆ ಕಡೆಯವನೇ ಎಂದು ಮೊದಲ ದಿನವೇ ತುಳುವಿನಲ್ಲಿ ಮನೆತನ ವಿಚಾರಿಸಿದ್ದರು. ಯಂತ್ರ ಓಡಿಸುವ ಆಪರೇಟರ್ ವಿಜಾಪುರದವನು. ಅವನೂ ಕನ್ನಡದವನೇ, ಆದರೆ ಯಜಮಾನರು ಅವನೊಡನೆ ಹಿಂದಿಯಲ್ಲೇ ಮಾತಾಡುತ್ತಿದ್ದರು. ಅವರ ಕನ್ನಡ ತಾವು ಕುರ್ಚಿ ಕೊಟ್ಟು ಕೂರಿಸುವಂಥವರಿಗೆ ಮಾತ್ರ.

"ಇವ ಬೇಕಂತಲೇ ನಿಲ್ಲಿಸುದು ಮಾರ್ರೆ. ಮೈಗಳ್ಳ. ನಿನ್ನೆ ನನ್ನ ಭಾವ ಓಡ್ಸಿದ್ರು, ಒಂದು ಸಲ ಸಹ ನಿಲ್ಲಲಿಲ್ಲ," ಎಂದರು.

ಭಾವ ಓಡಿಸಿದ್ದು ಎಲ್ಲಿ ಎಂದು ಕೇಳಿದೆ. ಗೇಟಿನ ಬಳಿ, ಮಟ್ಟಸ ನೆಲದಲ್ಲಂತೆ. ಬಂಡೆಯ ಮೇಲೆ ಕುಣಿಯುವ ಯಂತ್ರವನ್ನು ಅಂಗಳದಲ್ಲಿ ಮಗುವಿನ ಹಾಗೆ ನಡೆಸಿ ನೋಡಿ ತೀರ್ಪು ಕೊಟ್ಟಿದ್ದರು. ಕೀಲಿ ಕಿತ್ತುಕೊಂಡಾಗಿತ್ತು. ಇವತ್ತು ಯಂತ್ರದಲ್ಲಿ ದೋಷ ಸಿಗದಿದ್ದರೆ ಆಪರೇಟರ್ ಸಂಜೆಯೊಳಗೆ ಸೈಟಿನ ತಗಡಿನ ಕೋಣೆ ಖಾಲಿ ಮಾಡಬೇಕು. ಅವನ ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಮ್ಯಾನೇಜರರ ಫೋನು. "ದೊಡ್ಡ ಕಸ್ಟಮರ್ರು ಕಣಪ್ಪಾ. ಆಪರೇಟರ್ ತಪ್ಪು ಅಂತ ಬರೆದು ಬಂದ್ಬಿಡು. ಅವ್ರಿಗೂ ಸಮಾಧಾನ, ನಮಗೂ ತಲೆನೋವಿಲ್ಲ."

ಎಸಿ ಕೋಣೆಯಲ್ಲಿ ಕೂತು ಒಬ್ಬನ ಅನ್ನ ಕಸಿಯುವುದು ಎಷ್ಟು ಸಲೀಸು. ಸಿಗ್ನಲ್ ಇಲ್ಲ ಸಾರ್ ಎಂದು ಹೇಳಿ ಫೋನ್ ಆಫ್ ಮಾಡಿದೆ.

ಬ್ಯಾಟರಿ ಬಿಡಿಸಿ ಮೀಟರ್ ಇಟ್ಟೆ. ಅರವತ್ತು. ಯಜಮಾನರು ಗೆದ್ದವರಂತೆ ನಕ್ಕರು. ಬಂಡೆಯ ಮೇಲೆ ಆಗುವ ಕುಲುಕಾಟವನ್ನು ಕೈಯಲ್ಲೇ ಮಾಡೋಣವೆಂದು ತಂತಿಯ ಕಟ್ಟನ್ನು ಹಿಡಿದು, ಇಂಜಿನ್ನಿನ ಕಡೆಯಿಂದ ಗೇಣುಗೇಣಾಗಿ ಅಲ್ಲಾಡಿಸುತ್ತಾ ಬಂದೆ. ಬಿಸಿಲಿಗೆ ಕಬ್ಬಿಣ ಮುಟ್ಟಲಾಗುತ್ತಿರಲಿಲ್ಲ. ಸೀಟಿನ ಹಿಂದಕ್ಕೆ ಬಂದಾಗ ಮೀಟರ್ ಥಟ್ಟನೆ ನೂರಿಪ್ಪತ್ತಕ್ಕೆ ಹಾರಿತು. ಕೈ ಬಿಟ್ಟೆ, ಮತ್ತೆ ಅರವತ್ತು.

ಹಿಂದಿನ ತಗಡು ಬಿಚ್ಚಿದರೆ ಒಳಗೊಂದು ಕಪ್ಪು ಡಬ್ಬಿ. ನಮ್ಮ ಕಂಪನಿಯದ್ದಲ್ಲ. ಹೆಣೆದ ತಂತಿಗಳನ್ನು ಕತ್ತರಿಸಿ, ಬೆರಳಲ್ಲಿ ತಿರುಚಿ, ಮೇಲೆ ಟೇಪು ಸುತ್ತಿ ಅದಕ್ಕೆ ಜೋಡಿಸಿದ್ದರು. ಟೇಪು ಬಿಸಿಲಿಗೆ ಜಾರಿ ಹೋಗಿತ್ತು. ಮದುವೆಮನೆಯ ಸೀರಿಯಲ್ ಲೈಟಿನವನೂ ಇದಕ್ಕಿಂತ ಅಚ್ಚುಕಟ್ಟಾಗಿ ಜೋಡಿಸುತ್ತಾನೆ.

"ಇದ್ಯಾರು ಹಾಕಿದ್ದು?" ಎಂದೆ.

ಯಜಮಾನರಿಗೆ ನಾಚಿಕೆಯ ಸುಳಿವೂ ಇರಲಿಲ್ಲ. "ಅದು ನಾನೇ ಹಾಕ್ಸಿದ್ದು. ಇವ ಡೀಸೆಲ್ ಕದಿತಾನಾ ಅಂತ ಫೋನಲ್ಲೇ ನೋಡ್ಲಿಕ್ಕೆ. ಕಲ್ಯಾಣದಲ್ಲಿ ಕಾರಿಗೆ ಮ್ಯೂಸಿಕ್ ಹಾಕುವವ ಇದ್ದಾನಲ್ಲ, ಅವ ಮಾಡಿ ಕೊಟ್ಟ."

"ಕದ್ದದ್ದು ಕಾಣಿಸಿತಾ?"

"ಎಂತ ಕಾಣುದು. ಇಷ್ಟು ತಿಂಗಳಾಯ್ತು, ಒಂದು ದಿನ ಸಹ ಏನೂ ತೋರ್ಸಲಿಲ್ಲ. ಬೇಕಾರ್ ಡಬ್ಬಿ."

ಕಳವು ಆಗಿಲ್ಲದಿರಬಹುದು ಎಂಬ ಯೋಚನೆ ಆ ತಲೆಯೊಳಗೆ ಒಮ್ಮೆಯೂ ಸುಳಿದಿರಲಿಲ್ಲ. ಕಳ್ಳ ಸಿಗಲಿಲ್ಲ, ಆದ್ದರಿಂದ ಡಬ್ಬಿ ಕೆಟ್ಟಿದೆ. ಯಂತ್ರ ನಿಂತಿತು, ಆದ್ದರಿಂದ ಮನುಷ್ಯ ಕೆಟ್ಟವನು. ಯಂತ್ರ ಕೆಡಿಸಿದ್ದು ನೀವೇ, ಅವನಲ್ಲ ಎಂದು ಮುಖಕ್ಕೆ ಹೇಳಿದೆ. "ಹೌದಾ, ಇರ್ಲಿ ಇರ್ಲಿ," ಎಂದು ಅವರು ಬಿಸ್ಲೇರಿ ತರಿಸಿದರು.

ಡಬ್ಬಿ ಕಿತ್ತು, ತಂತಿಗಳನ್ನು ಬೆಸೆದು ಮತ್ತೆ ಹೆಣೆದೆ. ಆಪರೇಟರ್ ಯಂತ್ರವನ್ನು ಬಂಡೆಯ ಮೇಲೇರಿಸಿ ಊಟದ ಹೊತ್ತಿನವರೆಗೂ ಗುದ್ದಿದ. ಒಮ್ಮೆಯೂ ನಿಲ್ಲಲಿಲ್ಲ. ಅವನು ಇಳಿದು ಬಂದಾಗ ಯಜಮಾನರು, "ಚಲ್, ಕಾಮ್ ಪೇ ಲಗ್," ಎಂದರು. ನಡಿ, ಕೆಲಸಕ್ಕೆ ಹತ್ತು ಎಂದರ್ಥ. ಕ್ಷಮೆಯೂ ಅದೇ, ಪರಿಹಾರವೂ ಅದೇ. ಆಮೇಲೆ ಅವನ ಎದುರಲ್ಲೇ ನನಗೆ, "ಇನ್ನೊಂದು ಒಳ್ಳೆ ಡಬ್ಬಿ ನೀವೇ ನೋಡಿ ಹಾಕಿ ಕೊಡಿ," ಎಂದರು.

ನನ್ನ ಕೈಯಿಂದ ಆಗದು ಎನ್ನುವುದರೊಳಗೆ ಆಪರೇಟರ್ ಬಾಯಿ ಬಿಟ್ಟ. ಯಜಮಾನರ ಮುಂದೆ ಅವನು ಕನ್ನಡ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಹಾಕ್ರಿ ಸಾಹೇಬ್ರ. ಬ್ಯಾಡ ಅನ್ನಂಗಿಲ್ಲ ನಾ. ವಾಯರ್ ಅಷ್ಟ ಗಟ್ಟಿ ಜೋಡಸ್ರಿ. ಮತ್ತ ಬಿಚ್ಚಿದ್ರ ಇವ್ರು ನನ್ನ ಹೆಸರ ಹೇಳ್ತಾರ."

ಯಜಮಾನರಿಗೆ ಒಂದೊಂದು ಅಕ್ಷರವೂ ಅರ್ಥವಾಗಿತ್ತು. ನನ್ನ ಕಡೆ ತಿರುಗಿ ಅವರು ಹೇಳಿದರು, "ನೋಡಿದ್ರಾ, ಅವನೇ ಒಪ್ಪಿದ ಅಲ್ವಾ. ಹಾಕಿಬಿಡಿ."